ಹದಿನೈದನೇ ಸುತ್ತಿಗೆ ಬಿಡದ ಗುರು

ಬಾಕ್ಸಿಂಗ್ ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವ ಹೆಸರು ಮಹಮ್ಮದ್ ಅಲಿ. ಆ ಅಲಿಯನ್ನು ವೃತ್ತಿಪರ ಕಣದಲ್ಲಿ ಸೋಲಿಸಿದವರು ಐದೇ ಮಂದಿ: ಜೋ ಫ್ರೇಜಿಯರ್, ಕೆನ್ ನಾರ್ಟನ್, ಲಿಯಾನ್ ಸ್ಪಿಂಕ್ಸ್, ಲ್ಯಾರಿ ಹೋಮ್ಸ್ ಮತ್ತು ಟ್ರೆವರ್ ಬರ್ಬಿಕ್. ಇವರಲ್ಲಿ ಸ್ಪಿಂಕ್ಸ್ ಒಬ್ಬರನ್ನು ಬಿಟ್ಟರೆ ಉಳಿದ ನಾಲ್ವರೂ ತಮ್ಮ ಬಾಳಿನ ಒಂದಲ್ಲ ಒಂದು ಘಟ್ಟದಲ್ಲಿ ಎಡ್ಡಿ ಫಚ್ ಎಂಬ ಗುರುವಿನ ಕೈಯಲ್ಲಿ ಪಳಗಿದವರು. ಇಷ್ಟಾದರೂ ಫಚ್ ಅವರನ್ನು ಜನ ಹೆಚ್ಚಾಗಿ ನೆನೆಯುವುದು ಅವರು ತಾವಾಗಿಯೇ ಸೋಲೊಪ್ಪಿಕೊಂಡ ಒಂದು ಪಂದ್ಯಕ್ಕಾಗಿ.

1911ರ ಆಗಸ್ಟ್ 9ರಂದು ಅಮೆರಿಕದ ಮಿಸ್ಸಿಸಿಪ್ಪಿ ರಾಜ್ಯದ ಹಿಲ್ಸ್‌ಬರೊದಲ್ಲಿ ಫಚ್ ಹುಟ್ಟಿದರು. ದಕ್ಷಿಣದ ಹಳ್ಳಿಗಳಿಂದ ಕಪ್ಪು ಜನರು ಸಂಸಾರ ಸಮೇತ ಉತ್ತರದ ಕೈಗಾರಿಕಾ ನಗರಗಳಿಗೆ ಗುಳೆ ಹೊರಟಿದ್ದ ಕಾಲವದು. ಎಳೆಯ ಎಡ್ಡಿಯ ಕುಟುಂಬವೂ ಹಾಗೆಯೇ ಡೆಟ್ರಾಯಿಟ್ ಸೇರಿ, ಬ್ಲ್ಯಾಕ್ ಬಾಟಮ್ ಎಂಬ ಬಡವರ ಕೇರಿಯಲ್ಲಿ ನೆಲೆ ನಿಂತಿತು. ಹುಡುಗನಿಗೆ ಕಾಲೇಜು ಓದುವ ಆಸೆಯಿತ್ತು. ಆದರೆ 1929ರ ಆರ್ಥಿಕ ಕುಸಿತ ಎಲ್ಲರ ಕನಸಿನಂತೆ ಅವರ ಕನಸನ್ನೂ ಮುರಿಯಿತು. ಹೊಟ್ಟೆಪಾಡಿಗೆ ಹೋಟೆಲ್ ಸೇರಿ ಮಾಣಿಯ ಕೆಲಸ, ಬಿಡುವಿನಲ್ಲಿ ಬಾಕ್ಸಿಂಗ್. ಹಗಲೆಲ್ಲ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯ ಬೆಂಚು ಹತ್ತಿದ ಕನ್ನಡಿಗ ಹಿರಿಯರ ಕತೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ರೂಸ್ಟರ್ ಕೇಂದ್ರದ ಜಿಮ್ಮಿನಲ್ಲಿ ಅವರ ಜೊತೆ ಅಭ್ಯಾಸ ಮಾಡುತ್ತಿದ್ದವರು ಬೇರೆ ಯಾರೂ ಅಲ್ಲ, ಮುಂದೆ ಜಗದ್ವಿಖ್ಯಾತರಾದ ಜೋ ಲೂಯಿಸ್. ಹೆವಿವೇಟ್ ಆಳು ಲೂಯಿಸ್, ತೆಳ್ಳನೆಯ ಲೈಟ್‌ವೇಟ್ ಫಚ್ ಅವರನ್ನೇ ಅಭ್ಯಾಸಕ್ಕೆ ಕರೆಯುತ್ತಿದ್ದರು. ಚುರುಕಾಗಿ ತಪ್ಪಿಸಿಕೊಳ್ಳುವ ಈತನಿಗೆ ಗುದ್ದು ತಗುಲಿಸಿದರೆ ತನ್ನ ಕೈ ಹದಕ್ಕೆ ಬಂದಿದೆ ಎಂಬುದು ಅವರ ಲೆಕ್ಕ. ಫಚ್ 1933ರಲ್ಲಿ ಡೆಟ್ರಾಯಿಟ್‌ನ ಗೋಲ್ಡನ್ ಗ್ಲವ್ಸ್ ಪ್ರಶಸ್ತಿಯನ್ನೂ ಗೆದ್ದರು. ಇನ್ನೇನು ವೃತ್ತಿಪರ ಕಣಕ್ಕೆ ಇಳಿಯಬೇಕೆನ್ನುವಾಗ ವೈದ್ಯರು ಹೃದಯದಲ್ಲಿ ದೋಷವಿದೆ ಎಂದು ತಡೆದರು. ಹೀಗೆ ಕಣದ ಒಳಗಿನ ಬಾಳು ಮುಗಿದು, ಹಗ್ಗದ ಆಚೆಗಿನ ಬಾಳು ಶುರುವಾಯಿತು. ಮೊದಲ ವಿಶ್ವ ಚಾಂಪಿಯನ್ ಶಿಷ್ಯ ಡಾನ್ ಜೋರ್ಡಾನ್ ಬೆಳಕಿಗೆ ಬಂದದ್ದು 1958ರಲ್ಲಿ. ಅಷ್ಟರಲ್ಲಿ ಗುರುವಿಗೆ 47 ವರ್ಷ!

ಫಚ್ ಅವರ ವಿದ್ಯೆಯೆಲ್ಲ ಇದ್ದದ್ದು ಕಣ್ಣಿನಲ್ಲಿ. ಅಲಿಯ ವೇಗಕ್ಕೆ ಜಗತ್ತೆಲ್ಲ ಬೆರಗಾಗಿದ್ದಾಗ ಅವರು ಮಾತ್ರ ಅಲಿಯ ಬಲಗೈಯನ್ನೇ ನೋಡುತ್ತಿದ್ದರು. ಕೆಳಗಿನಿಂದ ಮೇಲಕ್ಕೆ ಬೀಸುವ ಅಪ್ಪರ್‌ಕಟ್ ಹೊಡೆಯಲು ಅಲಿ ಬಲಗೈಯನ್ನು ಇಳಿಸುತ್ತಾರೆ, ಆ ಕ್ಷಣದಲ್ಲಿ ಕೆನ್ನೆಗೆ ಕಾವಲಿರುವುದಿಲ್ಲ, ಅಲ್ಲಿಗೇ ಎಡಗೈ ಹುಕ್ ಬೀಸಬೇಕು ಎಂದು ಫ್ರೇಜಿಯರ್‌ಗೆ ಹೇಳಿಕೊಟ್ಟರು. ಆಗ ಫ್ರೇಜಿಯರ್‌ಗೆ ಮುಖ್ಯ ಗುರು ಯಾಂಕ್ ಡರ್ಹಾಮ್, ಫಚ್ ಅವರ ಸಹಾಯಕ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, 15ನೇ ಸುತ್ತಿನಲ್ಲಿ, ಅಲಿಯನ್ನು ನೆಲಕ್ಕುರುಳಿಸಿದ್ದು ಆ ಎಡಗೈ ಹುಕ್. ಎರಡು ವರ್ಷ ಕಳೆದು ನಾರ್ಟನ್‌ಗೆ ಬೇರೆಯೇ ಪಾಠ: ಅಲಿ ಎಡಗೈಯಿಂದ ನೇರ ಜಾಬ್ ಹೊಡೆಯುವಾಗ ನೀನೂ ಅದೇ ಹೊತ್ತಿಗೆ ಜಾಬ್ ಹೊಡೆ, ಹಿಂದೆ ಸರಿಯಬೇಡ. 1973ರ ಮಾರ್ಚ್ 31ರಂದು ಸ್ಯಾನ್ ಡಿಯಾಗೋದಲ್ಲಿ ಅಲಿ ಸೋತರು, ಅವರ ದವಡೆಯೂ ಮುರಿದಿತ್ತು.

ಅದೇ ವರ್ಷ ಡರ್ಹಾಮ್ ತೀರಿಕೊಂಡದ್ದರಿಂದ ಫ್ರೇಜಿಯರ್ ಅವರ ಹೊಣೆಯೆಲ್ಲ ಫಚ್ ಹೆಗಲಿಗೆ ಬಂತು. 1974ರ ಎರಡನೇ ಪಂದ್ಯದಲ್ಲಿ ಅಲಿ ಎದುರಾಳಿಯ ಕತ್ತು ಹಿಡಿದೆಳೆಯುತ್ತಿದ್ದರೂ ರೆಫರಿ ತಡೆಯಲಿಲ್ಲ ಎಂಬ ಅಸಮಾಧಾನ ಅವರಿಗಿತ್ತು. ಮೂರನೇ ಪಂದ್ಯ ಫಿಲಿಪ್ಪೀನ್ಸ್‌ನ ಮನಿಲಾದ ಪಾಲಾದಾಗ, ಸ್ಥಳೀಯರೇ ರೆಫರಿ ಆಗಬೇಕೆಂದು ಪಟ್ಟು ಹಿಡಿದು ಗೆದ್ದರು. ಕಣಕ್ಕೆ ಇಳಿದವರು ಕಾರ್ಲೋಸ್ ಪಡಿಯಾ.

1975ರ ಅಕ್ಟೋಬರ್ 1ರ ಬೆಳಿಗ್ಗೆ. ಅಮೆರಿಕದ ಟಿ.ವಿ. ವೀಕ್ಷಕರ ಅನುಕೂಲಕ್ಕಾಗಿ ಹಗಲಿನಲ್ಲೇ ಪಂದ್ಯ. ಕಿಕ್ಕಿರಿದ ಅರನೇಟಾ ಕ್ರೀಡಾಂಗಣದೊಳಗೆ ಬಿಸಿ ಕುಲುಮೆಯಂತಿತ್ತು. ಮೊದಲು ಅಲಿ, ನಡುವಿನ ಸುತ್ತುಗಳಲ್ಲಿ ಫ್ರೇಜಿಯರ್, ಕೊನೆಗೆ ಮತ್ತೆ ಅಲಿ ಮೇಲುಗೈ. ಫ್ರೇಜಿಯರ್ ಅವರ ಎಡಗಣ್ಣಿನ ದೃಷ್ಟಿ ಮೊದಲೇ ಮಂದ, ಅದನ್ನು ಅವರು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. ಈಗ ಬಲಗಣ್ಣೂ ಊದಿ ಮುಚ್ಚತೊಡಗಿತ್ತು. ಹದಿನಾಲ್ಕನೇ ಸುತ್ತಿನಲ್ಲಿ ಬರುವ ಗುದ್ದು ಕಾಣುತ್ತಲೇ ಇರಲಿಲ್ಲ, ಆದರೂ ಮುಂದೆ ನುಗ್ಗುತ್ತಿದ್ದರು.

ಉಳಿದದ್ದು ಒಂದೇ ಸುತ್ತು, ಮೂರೇ ನಿಮಿಷ. ಪಂದ್ಯವೋ ಶತಮಾನದ ಪಂದ್ಯಗಳಲ್ಲೊಂದು. ಫಚ್ ತಡೆಯಲು ನಿಂತರು. ಬೇಡ ಬಾಸ್, ನನಗೆ ಅವನು ಬೇಕು ಎಂದು ಫ್ರೇಜಿಯರ್ ಎದ್ದು ನಿಲ್ಲಲು ನೋಡಿದರು. ಫಚ್ ಹೆಗಲ ಮೇಲೆ ಕೈಯಿಟ್ಟು, "ಕೂತ್ಕೋ ಮಗನೇ, ಮುಗಿಯಿತು. ನೀನು ಇವತ್ತು ಇಲ್ಲಿ ಮಾಡಿದ್ದನ್ನು ಯಾರೂ ಮರೆಯುವುದಿಲ್ಲ" ಎಂದರು. ಕಣದಲ್ಲಿ ಪೆಟ್ಟು ತಿಂದು ಪ್ರಾಣ ಬಿಟ್ಟವರನ್ನು ಕಣ್ಣಾರೆ ಕಂಡಿದ್ದ ಆ ಹಿರಿಯರಿಗೆ ಶಿಷ್ಯನ ಮಕ್ಕಳ ಮುಖ ನೆನಪಾಗಿತ್ತು. ಪಟ್ಟ ಅಲಿಗೆ ಉಳಿಯಿತು. ಸಾವಿನ ಇಷ್ಟು ಹತ್ತಿರ ತಾನೆಂದೂ ಹೋಗಿರಲಿಲ್ಲ ಎಂದು ಗೆದ್ದ ಅಲಿಯೇ ಹೇಳಿದರು! ಇನ್ನೂ ಆಡಬಲ್ಲೆನಿದ್ದೆ ಎಂಬ ಕೊರಗು ಫ್ರೇಜಿಯರ್ ಅವರನ್ನು ಬಿಡಲಿಲ್ಲವಾದರೂ, ಮುಂದಿನ ವರ್ಷ ಜಾರ್ಜ್ ಫೋರ್‌ಮನ್ ಎದುರು ಇಳಿದಾಗಲೂ ಅವರ ಮೂಲೆಯಲ್ಲಿ ಇದ್ದವರು ಫಚ್ ಅವರೇ.

ಎಪ್ಪತ್ತರ ಗಡಿ ದಾಟಿದರೂ ಫಚ್ ಕೈಕಟ್ಟಿ ಕೂರಲಿಲ್ಲ. ಸೋಮಾರಿ ಎಂದು ಹೆಸರು ಕೆಡಿಸಿಕೊಂಡಿದ್ದ ರಿಡಿಕ್ ಬೋವ್ ತಮ್ಮ ಬಳಿ ಬಂದಾಗ, ತಾನು ಊರಲ್ಲಿರುವುದಿಲ್ಲ, ಬೆಳಿಗ್ಗೆ ಓಡುವುದನ್ನು ತಪ್ಪಿಸಬೇಡ ಎಂದು ಹೇಳಿ, ಅಡಗಿ ನಿಂತು ಕಾದರು. ಮುಂಜಾನೆಯ ಚಳಿಯಲ್ಲಿ ಬೋವ್ ಓಡಿ ಬರುವುದನ್ನು ಕಂಡ ಮೇಲೆಯೇ ಶಿಷ್ಯನೆಂದು ಒಪ್ಪಿಕೊಂಡರು. 1992ರ ನವೆಂಬರ್‌ನಲ್ಲಿ ಆ ಬೋವ್, ಇವಾಂಡರ್ ಹೋಲಿಫೀಲ್ಡ್ ಅವರನ್ನು ಸೋಲಿಸಿ ವಿಶ್ವ ಹೆವಿವೇಟ್ ಪಟ್ಟ ಏರಿದರು. ಮುಂದೆ ಶಿಸ್ತು ಸಡಿಲವಾದಾಗ ಫಚ್ ಅವರನ್ನು ಬಿಟ್ಟು ಹೊರಬಂದರು.

ಇನ್ನೊಬ್ಬ ಶಿಷ್ಯ ಫ್ರೆಡ್ಡಿ ರೋಚ್ ತುಂಬಾ ಪೆಟ್ಟು ತಿನ್ನುತ್ತಿದ್ದುದನ್ನು ನೋಡಿ, ಸಾಕು, ಬಾಕ್ಸಿಂಗ್ ಬಿಡು ಎಂದು ಫಚ್ ಹೇಳಿದ್ದರು. ಹುಡುಗ ಕೇಳಲಿಲ್ಲ. ಗುರುವಿಲ್ಲದೆಯೇ ಮತ್ತಷ್ಟು ಪಂದ್ಯ ಆಡಿದ, ಮುಂದೆ ಪಾರ್ಕಿನ್ಸನ್ ಕಾಯಿಲೆ ಅಂಟಿಕೊಂಡಿತು. ಆಮೇಲೆ ಅದೇ ಗುರುವಿನ ಬಳಿಗೆ ಮರಳಿ, ಸಹಾಯಕನಾಗಿ ಕೆಲಸ ಕಲಿತು, 1995ರಲ್ಲಿ ಹಾಲಿವುಡ್‌ನಲ್ಲಿ ವೈಲ್ಡ್ ಕಾರ್ಡ್ ಎಂಬ ಸ್ವಂತ ಜಿಮ್ ತೆರೆದರು.

ಫಚ್ ಲಾಸ್ ವೇಗಸ್‌ನಲ್ಲಿ ಕೊನೆಯುಸಿರೆಳೆದದ್ದು 2001ರ ಅಕ್ಟೋಬರ್ 10ರಂದು, 90ರ ವಯಸ್ಸಿನಲ್ಲಿ. ಅದೇ ವರ್ಷ ಫಿಲಿಪ್ಪೀನ್ಸ್‌ನಿಂದ ಬಂದ ಸಣ್ಣ ಮೈಕಟ್ಟಿನ ಯುವಕನೊಬ್ಬ ಗುರುವನ್ನು ಹುಡುಕುತ್ತಾ ರೋಚ್ ಅವರ ಜಿಮ್ಮಿನ ಮೆಟ್ಟಿಲು ಹತ್ತಿದ್ದ. ಹೆಸರು ಮ್ಯಾನಿ ಪಕ್ವಿಯಾವ್.