ತಯಾರಿಕೆ ನಿಂತ ಯಂತ್ರ, ನಿಲ್ಲದ ಬೇಡಿಕೆ: ಹಳೆಯ ವಾಷಿಂಗ್ ಮೆಷಿನ್‌ಗಳ ಬಿಡಿಭಾಗಗಳ ಹುಡುಕಾಟ

ಸರಕು ಮಾರಾಟವಾದ ದಿನವೇ ವ್ಯವಹಾರ ಮುಗಿಯಿತೆಂದು ಭಾವಿಸುವುದು ವ್ಯಾಪಾರಿ ವಲಯದಲ್ಲಿ ಸಾಮಾನ್ಯ. ಆದರೆ ಗಟ್ಟಿಮುಟ್ಟಾದ ಯಂತ್ರದ ಆಯುಷ್ಯವು ಅದನ್ನು ತಯಾರಿಸಿದ ಕಾರ್ಖಾನೆಯ ಆಯುಷ್ಯಕ್ಕಿಂತ ದೀರ್ಘವಾಗಿರುವುದುಂಟು. ಕಾರ್ಖಾನೆ ಮುಚ್ಚಿದ ಬಳಿಕವೂ ಬಿಡಿಭಾಗಗಳ ಬೇಡಿಕೆ ಉಳಿಯುತ್ತದೆ. ಆ ಬೇಡಿಕೆಯನ್ನು ಪೂರೈಸುವವರು ಬಹುತೇಕ ಸಣ್ಣ ವರ್ತಕರು ಮತ್ತು ಸಣ್ಣ ತಯಾರಕರೇ ಆಗಿರುತ್ತಾರೆ. ಅಮೆರಿಕದ ಮೇಟ್ಯಾಗ್ ವಾಷಿಂಗ್ ಮೆಷಿನ್‌ಗಳ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ.

ಮೇಟ್ಯಾಗ್ ಉದಾಹರಣೆ

ಅಯೋವಾ ರಾಜ್ಯದ ನ್ಯೂಟನ್ ಪಟ್ಟಣದಲ್ಲಿ 1893ರಲ್ಲಿ ಕೃಷಿ ಉಪಕರಣಗಳ ತಯಾರಿಕೆಗೆಂದು ಸ್ಥಾಪನೆಯಾದ ಈ ಸಂಸ್ಥೆ 1907ರಲ್ಲಿ ತನ್ನ ಮೊದಲ ತೊಳೆಯುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ವಿದ್ಯುತ್ ಸಂಪರ್ಕವಿಲ್ಲದ ರೈತರ ಮನೆಗಳಿಗಾಗಿ ಸಣ್ಣ ಪೆಟ್ರೋಲ್ ಎಂಜಿನ್ ಜೋಡಿಸಿದ ಮಾದರಿಗಳನ್ನೂ ತಯಾರಿಸಿತು. ತೊಳೆದ ಬಟ್ಟೆಯನ್ನು ಎರಡು ರಬ್ಬರ್ ಉರುಳೆಗಳ ನಡುವೆ ತೂರಿಸಿ ಹಿಂಡುವ ‘ರಿಂಗರ್’ ಮಾದರಿ ಈ ಸಂಸ್ಥೆಗೆ ಹೆಸರು ತಂದಿತು. ಅದರ ತಯಾರಿಕೆ 1983ರಲ್ಲಿ ನಿಂತಿತು. 2006ರಲ್ಲಿ ವರ್ಲ್‌ಪೂಲ್ ಸಂಸ್ಥೆಯು ಮೇಟ್ಯಾಗ್ ಅನ್ನು ಖರೀದಿಸಿತು. 2007ರಲ್ಲಿ ನ್ಯೂಟನ್ ಕಾರ್ಖಾನೆಯನ್ನು ಮುಚ್ಚಲಾಯಿತು.

ಇಷ್ಟಾದರೂ ರಿಂಗರ್ ಯಂತ್ರಗಳು ಇಂದಿಗೂ ಬಳಕೆಯಲ್ಲಿವೆ. ಓಹಾಯೋ, ಪೆನ್ಸಿಲ್ವೇನಿಯಾ ಮುಂತಾದ ರಾಜ್ಯಗಳಲ್ಲಿ ನೆಲೆಸಿರುವ ಆಮಿಶ್ ಸಮುದಾಯದವರು ಧಾರ್ಮಿಕ ಕಾರಣಗಳಿಂದ ಸಾರ್ವಜನಿಕ ವಿದ್ಯುತ್ ಜಾಲದ ಸಂಪರ್ಕ ಪಡೆಯುವುದಿಲ್ಲ. ಅವರಲ್ಲಿ ಅನೇಕರು ಇಂತಹ ಯಂತ್ರಗಳನ್ನು ಎಂಜಿನ್ ಅಥವಾ ಒತ್ತಡದ ಗಾಳಿಯ ಮೋಟಾರಿನಿಂದ ನಡೆಸುತ್ತಾರೆ. ಹಳೆಯ ಯಂತ್ರಗಳನ್ನು ಕೂಡಿಟ್ಟು ಪುನರುಜ್ಜೀವನಗೊಳಿಸುವ ಹವ್ಯಾಸಿಗಳ ವರ್ಗವೂ ಇದೆ. ನಾಲ್ಕು ದಶಕಗಳ ಹಿಂದೆಯೇ ತಯಾರಿಕೆ ನಿಂತ ಯಂತ್ರಕ್ಕೆ ಬಿಡಿಭಾಗ ಒದಗಿಸುವುದು ಹೇಗೆಂಬುದನ್ನು ಇವರ ಅನುಭವದಿಂದ ಅರಿಯಬಹುದು.

ಸಂಖ್ಯೆಯ ಜಾಡು

ಹುಡುಕಾಟದ ಮೊದಲ ಹೆಜ್ಜೆ ಯಂತ್ರದ ಮೇಲಿನ ಲೋಹಫಲಕ. ಅದರಲ್ಲಿರುವ ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆಯ ಆಧಾರದಿಂದ ಹಳೆಯ ಬಿಡಿಭಾಗ ಪಟ್ಟಿಯಲ್ಲಿ ಬೇಕಾದ ಭಾಗದ ಸಂಖ್ಯೆಯನ್ನು ಗುರುತಿಸಬೇಕು. ಆದರೆ ಈ ಸಂಖ್ಯೆ ಸ್ಥಿರವಲ್ಲ. ವಿನ್ಯಾಸ ಸುಧಾರಣೆಯಾದಾಗ, ಸಂಸ್ಥೆಯ ಒಡೆತನ ಬದಲಾದಾಗ ಅದೇ ಭಾಗಕ್ಕೆ ಹೊಸ ಸಂಖ್ಯೆ ಬರುತ್ತದೆ. ಮೇಟ್ಯಾಗ್‌ನ ಎಷ್ಟೋ ಭಾಗಗಳಿಗೆ 2006ರ ನಂತರ ವರ್ಲ್‌ಪೂಲ್ ಸಂಖ್ಯೆಗಳು ಬಂದವು. ಹೊಸ ಸಂಖ್ಯೆಯಲ್ಲಿ ‘ಲಭ್ಯವಿಲ್ಲ’ ಎಂಬ ಉತ್ತರ ಬಂದ ವಸ್ತು, ಹಳೆಯ ಸಂಖ್ಯೆಯ ಚೀಟಿ ಹೊತ್ತು ಯಾವುದೋ ಅಂಗಡಿಯ ಕಪಾಟಿನಲ್ಲಿ ಇರಬಹುದು. ಆದ್ದರಿಂದ ಹಳೆಯ ಹಾಗೂ ಹೊಸ ಸಂಖ್ಯೆಗಳೆರಡನ್ನೂ ಜೋಡಿಸಿ ಬರೆದಿಟ್ಟ ಪಟ್ಟಿಯೇ ಈ ವ್ಯಾಪಾರದಲ್ಲಿ ಒಂದು ಬಂಡವಾಳ.

ಅಳತೆಯೇ ಹೆಸರು

ಸಂಖ್ಯೆ ದೊರೆಯದಿದ್ದರೂ ನಿರಾಶರಾಗಬೇಕಿಲ್ಲ. ಯಂತ್ರದ ಎಲ್ಲ ಭಾಗಗಳೂ ಆ ಒಂದು ಸಂಸ್ಥೆಯ ಸ್ವಂತ ಸೃಷ್ಟಿಯಾಗಿರುವುದಿಲ್ಲ. ಬೇರಿಂಗ್, ಬೆಲ್ಟ್, ಆಯಿಲ್ ಸೀಲ್, ಕೆಪಾಸಿಟರ್‌ಗಳು ಸಾಮಾನ್ಯವಾಗಿ ಪ್ರಮಾಣಿತ ಅಳತೆಯವು. 6204 ಎಂಬ ಗುರುತಿನ ಬೇರಿಂಗ್ ಯಾವ ದೇಶದಲ್ಲಿ ತಯಾರಾದರೂ ಅದರ ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47 ಮಿ.ಮೀ., ಅಗಲ 14 ಮಿ.ಮೀ. ಅಮೆರಿಕದ 4ಎಲ್420 ಎಂಬ ಬೆಲ್ಟ್ ಅರ್ಧ ಅಂಗುಲ ಅಗಲ, 42 ಅಂಗುಲ ಹೊರಸುತ್ತಳತೆಯದು. ಅಳತೆಯಲ್ಲಿ ಅದು ನಮ್ಮ ಅಂಗಡಿಗಳ ಎ-40 ಬೆಲ್ಟಿಗೆ ಸಮೀಪವಾದುದು. ಆದರೆ ಅಂಗುಲದ ಲೆಕ್ಕದಲ್ಲಿ ತಯಾರಾದ ಅರ್ಧ ಅಂಗುಲದ ದಂಡ 12.7 ಮಿ.ಮೀ. ಇರುತ್ತದೆ, ಅದಕ್ಕೆ 12 ಮಿ.ಮೀ. ಬೇರಿಂಗ್ ಕೂರುವುದಿಲ್ಲ. ಅಂದಾಜಿನಿಂದಲ್ಲ, ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು. ಕೆಪಾಸಿಟರ್ ಬದಲಾಯಿಸುವಾಗ ಅದರ ಬಗೆ ಮತ್ತು ಮೈಕ್ರೋಫ್ಯಾರಡ್ ಮೌಲ್ಯ ಅದೇ ಇರಬೇಕು. ವೋಲ್ಟೇಜ್ ಮಿತಿ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಸಲ್ಲದು.

ಉಳಿಯುವುದು ಗೇರು, ಉರುಳೆ, ತೊಟ್ಟಿಯ ರಬ್ಬರ್ ಸೀಲ್, ಬಟ್ಟೆಯನ್ನು ತಿರುವುವ ಅಜಿಟೇಟರ್‌ಗಳಂತಹ ಆಯಾ ಮಾದರಿಗೇ ಸೀಮಿತವಾದ ಭಾಗಗಳು. ಲೋಹದ ಭಾಗಗಳಿಗೆ ಕೆಟ್ಟು ನಿಂತ ಮತ್ತೊಂದು ಯಂತ್ರವೇ ಆಧಾರ. ಎರಡು ಕೆಟ್ಟ ಯಂತ್ರಗಳಿಂದ ಒಂದು ಸುಸ್ಥಿತಿಯ ಯಂತ್ರವನ್ನು ಸಿದ್ಧಪಡಿಸುವುದು ವಾಡಿಕೆ. ಬಳಸದೆ ಉಳಿದ ಹಳೆಯ ಗೇರು ದೊರೆತರೆ ನಿಶ್ಚಿಂತೆಯಿಂದ ಕೊಳ್ಳಬಹುದು. ರಬ್ಬರಿನ ವಿಷಯ ಬೇರೆ. ಪೊಟ್ಟಣ ಒಡೆಯದಿದ್ದರೂ ಅದು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುತ್ತದೆ. ಆದ್ದರಿಂದ ರಬ್ಬರ್ ಭಾಗಗಳನ್ನು ಹೊಸದಾಗಿ ತಯಾರಿಸುವುದೇ ಲೇಸು. ಹಳೆಯ ಉರುಳೆಯ ಲೋಹದ ದಂಡಕ್ಕೆ ಹೊಸ ರಬ್ಬರ್ ಹೊದಿಸುವ ಕೆಲಸ ರಬ್ಬರ್ ರೋಲರ್ ಘಟಕಗಳಿಗೆ ಅಪರಿಚಿತವಲ್ಲ.

ತಯಾರಕರ ಲೆಕ್ಕ

ಇಲ್ಲಿ ಸಣ್ಣ ತಯಾರಕರು ಗಮನಿಸಬೇಕಾದುದು ಅಚ್ಚಿನ ವೆಚ್ಚ. ಉದಾಹರಣೆಗೆ, ಒಂದು ಸೀಲಿನ ಅಚ್ಚಿಗೆ ರೂ. 20,000 ತಗಲುವುದೆಂದು ಭಾವಿಸೋಣ. ಹತ್ತೇ ಸೀಲು ತಯಾರಿಸಿದರೆ ತಲಾ ರೂ. 2,000 ಅಚ್ಚಿನ ಹೊರೆ. ನೂರು ತಯಾರಿಸಿದರೆ ರೂ. 200 ಮಾತ್ರ. ಆದ್ದರಿಂದ ಒಬ್ಬ ಗ್ರಾಹಕನ ಬೇಡಿಕೆಗೆ ಅಚ್ಚು ಮಾಡಿಸುವ ಮುನ್ನ, ಅದೇ ಅಳತೆಯ ಸೀಲು ಬೇರೆ ಯಾವ ಯಂತ್ರಗಳಿಗೆ ಹೊಂದುವುದೆಂಬುದನ್ನು ವಿಚಾರಿಸಿ, ಮುಂಗಡ ಪಡೆದು, ಹಲವರ ಬೇಡಿಕೆಯನ್ನು ಒಟ್ಟುಗೂಡಿಸುವುದು ವಿವೇಕ. ತಯಾರಿಸಿದ ಭಾಗದ ಮೇಲೆ ಮೂಲ ಸಂಸ್ಥೆಯ ಮುದ್ರೆ ಹಾಕುವಂತಿಲ್ಲ. ಯಾವ ಯಂತ್ರಕ್ಕೆ ಹೊಂದುವುದೆಂದು ತಿಳಿಸಲು ಅಗತ್ಯವಿರುವಷ್ಟು ಮಟ್ಟಿಗೆ ಅದರ ಹೆಸರನ್ನು ಬಳಸಲು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅವಕಾಶವಿದೆ.

ವರ್ತಕರ ಲೆಕ್ಕ

ವರ್ತಕರಿಗೆ ಇದು ದಾಸ್ತಾನಿನ ಪ್ರಶ್ನೆ. ವರ್ಷಗಟ್ಟಲೆ ಚಲನೆಯಿಲ್ಲದ ಬಿಡಿಭಾಗಗಳನ್ನು ‘ಡೆಡ್ ಸ್ಟಾಕ್’ ಎಂದು ಒಟ್ಟಾಗಿ ಗುಜರಿಗೆ ಹಾಕುವುದು ಸುಲಭ. ಅಕೌಂಟಿಂಗ್ ಸ್ಟ್ಯಾಂಡರ್ಡ್ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವುಗಳಲ್ಲಿ ಯಾವುದು ಕಡಿಮೆಯೋ ಅದಕ್ಕೆ, ಸಾಮಾನ್ಯವಾಗಿ ವಸ್ತುವಾರು ನಮೂದಿಸಬೇಕು. ಈ ‘ವಸ್ತುವಾರು’ ಎಂಬ ಪದ ಇಲ್ಲಿ ಮುಖ್ಯ. ಒಂದೇ ಪೆಟ್ಟಿಗೆಯಲ್ಲಿರುವ ಬಿರಿದ ರಬ್ಬರಿಗೆ ಬೆಲೆ ಇಲ್ಲದಿರಬಹುದು. ಅದರ ಪಕ್ಕದ ಗೇರಿಗೆ ಕೊಂಡ ಬೆಲೆಗಿಂತ ಹೆಚ್ಚು ಬೆಲೆ ಬರಬಹುದು. ಮೇಲಾಗಿ, ಸರಕನ್ನು ಲೆಕ್ಕಪುಸ್ತಕದಿಂದ ಸಂಪೂರ್ಣವಾಗಿ ರೈಟ್ ಆಫ್ ಮಾಡಿದಲ್ಲಿ, ಅದರ ಖರೀದಿಯ ಮೇಲೆ ಪಡೆದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಹೀಗೆ ನಷ್ಟ ಇಮ್ಮಡಿಯಾಗುತ್ತದೆ.

ಐರೋಪ್ಯ ಒಕ್ಕೂಟವು 2021ರ ಮಾರ್ಚ್‌ನಿಂದ ವಾಷಿಂಗ್ ಮೆಷಿನ್‌ಗಳ ಮುಖ್ಯ ಬಿಡಿಭಾಗಗಳು, ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ನಂತರ ಕನಿಷ್ಠ 10 ವರ್ಷ ದೊರೆಯಬೇಕೆಂದು ವಿಧಿಸಿದೆ. ಹತ್ತು ವರ್ಷ ತಯಾರಕರ ಹೊಣೆ. ಅದರಾಚೆಯ ಮಾರುಕಟ್ಟೆ ಸಂಗ್ರಹವುಳ್ಳ ವರ್ತಕರದು.

ಆದ್ದರಿಂದ ಬರುವ ಮಾರ್ಚ್ 31ರ ದಾಸ್ತಾನು ಎಣಿಕೆಯಲ್ಲಿ ಸದಸ್ಯರು ಹಳೆಯ ಬಿಡಿಭಾಗಗಳಿಗೆ ‘ಇತರೆ’ ಎಂಬ ಒಂದೇ ಸಾಲು ಬರೆಯದೆ, ಸಂಖ್ಯೆ, ಅಳತೆ, ಹೊಂದುವ ಮಾದರಿ ಹಾಗೂ ಸ್ಥಿತಿ ಎಂಬ ನಾಲ್ಕು ಅಂಕಣಗಳ ಪಟ್ಟಿ ತಯಾರಿಸುವುದು ಒಳಿತು. ಗುಜರಿಯವನು ತೂಕಕ್ಕೆ ಬೆಲೆ ಕಟ್ಟುತ್ತಾನೆ. ಯಂತ್ರ ನಿಂತುಹೋಗಿರುವ ಗ್ರಾಹಕನು ಆ ಭಾಗಕ್ಕೆ ಬೆಲೆ ಕಟ್ಟುತ್ತಾನೆ. ಈ ಎರಡು ಬೆಲೆಗಳ ನಡುವಿನ ಅಂತರವೇ ಆ ಪಟ್ಟಿಯ ಲಾಭ.