ಐಸ್ ಇಟ್ಟು ಕೆಡಿಸಿದ ರಕ್ತ

ಪಶುವೈದ್ಯಕೀಯ ಓದಿನ ಕೊನೆಯ ವರ್ಷ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಗೌರಿ ಎಂಬ ಎಚ್‌ಎಫ್ ಮಿಶ್ರತಳಿ ಹಸುವಿನ ರಕ್ತ ತೆಗೆದು, ಟ್ಯೂಬುಗಳನ್ನು ಐಸ್ ತುಂಬಿದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಬಸ್ ಹತ್ತಿದ್ದೆ. ಲಸಿಕೆ ಒಯ್ಯುವುದು ಹಾಗೆಯೇ ತಾನೆ? ಲ್ಯಾಬ್‌ನಲ್ಲಿ ಮೇಡಂ ಟ್ಯೂಬ್ ಮುಟ್ಟಿ ನೋಡಿ, 'ಇದು ಪ್ರಯೋಜನವಿಲ್ಲ, ಮತ್ತೆ ತಗೊಂಡು ಬಾ' ಎಂದರು.

ಗೌರಿ ಕೆಮ್ಮುತ್ತಿದ್ದಳು, ಸೊರಗಿದ್ದಳು. ಹಸುವಿನ ಕ್ಷಯ ಪತ್ತೆಗೆ ಹಳೆಯ ದಾರಿ ಚರ್ಮದ ಪರೀಕ್ಷೆ. ಕುತ್ತಿಗೆಯ ಚರ್ಮದೊಳಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿ, 72 ಗಂಟೆ ಬಿಟ್ಟು ಮತ್ತೆ ಹೋಗಿ ಊತ ಅಳೆಯಬೇಕು. ಗೌರಿಯ ಊತ ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎನ್ನುವಂತಿತ್ತು. ಅದಕ್ಕೇ ರಕ್ತ ಪರೀಕ್ಷೆ.

1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ವಿಧಾನ ಇದು. ಕ್ಷಯದ ರೋಗಾಣುವನ್ನು ಒಮ್ಮೆ ಎದುರಿಸಿದ ಬಿಳಿ ರಕ್ತಕಣಗಳು, ಅದರ ಪ್ರೋಟೀನ್ ಮತ್ತೆ ಕಂಡರೆ ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಹೊರಬಿಡುತ್ತವೆ. ಹೊರಬಿಡಲು ಅವು ಜೀವಂತವಾಗಿರಬೇಕಲ್ಲ! ಐಸಿನಲ್ಲಿಟ್ಟರೆ ರೋಗವಿದ್ದರೂ ಇಲ್ಲವೆಂಬ ಉತ್ತರ ಬರಬಹುದು. ಪರೀಕ್ಷೆಗೆ ಓದಿದ್ದೆ, ಅಂಕವೂ ಬಂದಿತ್ತು. ಪೆಟ್ಟಿಗೆ ತುಂಬುವಾಗ ಮಾತ್ರ ನೆನಪಾಗಲಿಲ್ಲ.

ಮರುದಿನ ಮತ್ತೆ ಹೋದೆ. 'ಇದೇನವ್ವಾ, ನಿನ್ನೆ ತಗಂಡಿದ್ದು ಸಾಲ್ದೇನು?' ಎಂದರು ಅಜ್ಜಿ. ಕೆಡಿಸಿಬಿಟ್ಟೆ ಎಂದು ಒಪ್ಪಿಕೊಂಡೆ. ಬೈಯಲಿಲ್ಲ, ಗೌರಿಯ ಮೂಗುದಾರ ಹಿಡಿದು ನಿಂತರು. ಅಷ್ಟರಲ್ಲಿ ಮೊಮ್ಮಗ ಲೋಟ ಹಿಡಿದು ಬಂದ. ದಿನಾ ಬೆಳಿಗ್ಗೆ ಕೆಚ್ಚಲಿಂದ ನೇರ ನೊರೆಹಾಲು ಅವನ ಪಾಲು. ಹಸುವಿನ ಕ್ಷಯ ಮನುಷ್ಯರಿಗೆ ದಾಟಲು ಹಸಿ ಹಾಲು ಒಂದು ಮುಖ್ಯ ದಾರಿ. ಫಲಿತಾಂಶಕ್ಕೆ ಕಾಯದೆ ಆ ಲೋಟ ಕೆಳಗಿಡಿಸಿದೆ.

ಈ ಸಲ ಹೆಪಾರಿನ್ ಟ್ಯೂಬಿನ ರಕ್ತ ಐಸಿಲ್ಲದೆ ಅದೇ ದಿನ ಲ್ಯಾಬ್ ಸೇರಿತು. ಅದನ್ನು ಮೂರು ಪಾಲು ಮಾಡಿ, ಒಂದಕ್ಕೆ ಹಸುವಿನ ಕ್ಷಯದ ಟ್ಯೂಬರ್‌ಕ್ಯುಲಿನ್, ಇನ್ನೊಂದಕ್ಕೆ ಹಕ್ಕಿಗಳದು ಹಾಕಿ, ಮೂರನೆಯದನ್ನು ಹೋಲಿಕೆಗೆ ಹಾಗೇ ಬಿಟ್ಟು, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟೆವು. ಹಕ್ಕಿಗಳದು ಯಾಕೆಂದರೆ ಮಣ್ಣು ನೀರಿನಲ್ಲಿರುವ ದಾಯಾದಿ ರೋಗಾಣುಗಳೂ ಗೊಂದಲ ಮಾಡುತ್ತವೆ. ಮರುದಿನ ಎಲೈಸಾ ತಟ್ಟೆಯಲ್ಲಿ ಮೊದಲ ಪಾಲಿನ ಬಣ್ಣವೇ ಗಾಢವಾಗಿ ಏರಿತು. ಪಾಸಿಟಿವ್.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಬ್ರಿಟನ್‌ನಲ್ಲಾದರೆ ಇಂಥ ಹಸುವನ್ನು ಕೊಂದು, ಸಾಕಿದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಆ ಮಾತನ್ನು ಅಜ್ಜಿಯ ಮುಂದೆ ಎತ್ತಲು ನನಗೆ ಬಾಯಿ ಬರಲಿಲ್ಲ. 'ಸಂತೆಗೆ ಹೊಡೆದುಬಿಡಿ, ಯಾರಿಗೆ ಗೊತ್ತಾಗುತ್ತೆ?' ಎಂದರು ಪಕ್ಕದ ಮನೆಯವರು. ಅಜ್ಜಿ ನನ್ನ ಮುಖ ನೋಡಿದರು. ಮಾರಿದರೆ ಕಾಯಿಲೆ ಇನ್ನೊಬ್ಬರ ಕೊಟ್ಟಿಗೆ ಸೇರುತ್ತದೆ ಎಂದೆ. ಹಾಗಾದರೆ ಔಷಧಿ ಕೊಡಿ ಎಂದರು. ಮನುಷ್ಯರಿಗೆ ಕೊಡುವ ಮಾತ್ರೆಗಳನ್ನೇ ಹಸುವಿಗೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ; ರೋಗಾಣು ಔಷಧಿಗೆ ಬಗ್ಗದಂತಾಗುವ ಅಪಾಯವಿದೆ, ಅದಕ್ಕೇ ಕೊಡುವುದಿಲ್ಲ. ಇದನ್ನು ಅವರಿಗೆ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು.

ಕೊನೆಗೆ ಗೌರಿಯನ್ನು ಹಿತ್ತಲಿನಲ್ಲಿ ಬೇರೆ ಕಟ್ಟುವುದು, ಬಾನಿಯೂ ಬೇರೆ, ಅವಳ ಹಾಲು ಡೇರಿಗೂ ಬೇಡ ಮನೆಗೂ ಬೇಡ, ಮನೆಮಂದಿ ಆಸ್ಪತ್ರೆಗೆ ಹೋಗಿ ತಪಾಸಣೆ ಮಾಡಿಸುವುದು ಎಂದಾಯಿತು. ದಿನದ ಹಾಲಿನ ದುಡ್ಡು ನಿಂತದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ತಿಂಗಳ ನಂತರ ಹೋದಾಗ ಮನೆಯವರ ತಪಾಸಣೆಯಲ್ಲಿ ಏನೂ ಇಲ್ಲವೆಂದು ಬಂದಿತ್ತು. ಹುಡುಗ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದ. ಕಾಯಿಸಿದ ಹಾಲು ಅವನಿಗೆ ಸೇರುವುದಿಲ್ಲವಂತೆ.