ಫ್ಯಾಷನ್ ಚಲನಚಿತ್ರಗಳಲ್ಲಿ ಭಯಾನಕ ಚಿತ್ರಗಳ ಬೆಳಕು ಮತ್ತು ಸಂಕಲನ

ಫ್ಯಾಷನ್ ಚಲನಚಿತ್ರ ಎಂದರೆ ಉಡುಪು, ಪಾದರಕ್ಷೆ, ಕೈಚೀಲ, ಸುಗಂಧದ್ರವ್ಯ ಮೊದಲಾದವುಗಳನ್ನು ಕೇಂದ್ರವಾಗಿಟ್ಟುಕೊಂಡು ವಸ್ತ್ರವಿನ್ಯಾಸ ಸಂಸ್ಥೆಗಳು ಅಥವಾ ಸ್ವತಂತ್ರ ಕಲಾವಿದರು ನಿರ್ಮಿಸುವ ಕಿರುಚಿತ್ರ. ಸಾಮಾನ್ಯ ಜಾಹೀರಾತಿನಂತೆ ವಸ್ತುವಿನ ಗುಣವನ್ನು ನೇರವಾಗಿ ಹೇಳುವುದಕ್ಕಿಂತ ಒಂದು ಭಾವಸ್ಥಿತಿಯನ್ನು ನಿರ್ಮಿಸುವುದು ಇದರ ಉದ್ದೇಶ. ಈ ಭಾವಸ್ಥಿತಿಗಾಗಿ ಫ್ಯಾಷನ್ ಚಿತ್ರಗಳು ಹಲವು ಪ್ರಕಾರಗಳಿಂದ ಎರವಲು ಪಡೆದಿವೆ. ಅವುಗಳಲ್ಲಿ ಭಯಾನಕ ಚಲನಚಿತ್ರ ಪ್ರಮುಖವಾದುದು. ಸಂಭಾಷಣೆಯ ನೆರವು ಹೆಚ್ಚಿಲ್ಲದೆ, ಬೆಳಕು, ನೆರಳು, ಶಬ್ದ ಮತ್ತು ಕಟ್‌ಗಳ ಮೂಲಕವೇ ಪ್ರೇಕ್ಷಕರ ಗಮನವನ್ನು ಹಿಡಿದಿಡುವ ವಿಧಾನಗಳನ್ನು ಭಯಾನಕ ಚಿತ್ರಗಳು ಬೆಳೆಸಿರುವುದೇ ಇದಕ್ಕೆ ಮುಖ್ಯ ಕಾರಣ. ಆದರೆ ಕತ್ತಲು ಮತ್ತು ಮರೆಮಾಚುವಿಕೆ ಭಯಾನಕ ಚಿತ್ರದ ಬಲವಾದರೆ, ಉಡುಪನ್ನು ಸ್ಪಷ್ಟವಾಗಿ ತೋರಿಸುವುದು ಫ್ಯಾಷನ್ ಚಿತ್ರದ ಅಗತ್ಯ. ಇವೆರಡರ ನಡುವಿನ ಹೊಂದಾಣಿಕೆಯೇ ಈ ಶೈಲಿಯ ಮೂಲ ಸಮಸ್ಯೆ.

ಹಿನ್ನೆಲೆ

ಭಯಾನಕ ಚಿತ್ರ ಮತ್ತು ಫ್ಯಾಷನ್ ಕ್ಷೇತ್ರಗಳ ನಂಟು ಅಂತರಜಾಲ ಯುಗಕ್ಕಿಂತ ಹಳೆಯದು. ಇಟಲಿಯ ನಿರ್ದೇಶಕ ಮಾರಿಯೋ ಬಾವಾ 1964ರಲ್ಲಿ ತೆರೆಗೆ ತಂದ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್' ಚಿತ್ರದ ಕಥೆ ನಡೆಯುವುದೇ ಒಂದು ವಸ್ತ್ರವಿನ್ಯಾಸ ಸಂಸ್ಥೆಯಲ್ಲಿ. ಅಲ್ಲಿನ ರೂಪದರ್ಶಿಗಳು ಮುಖವಾಡಧಾರಿ ಹಂತಕನಿಗೆ ಒಬ್ಬೊಬ್ಬರಾಗಿ ಬಲಿಯಾಗುತ್ತಾರೆ. 1978ರ 'ಐಸ್ ಆಫ್ ಲಾರಾ ಮಾರ್ಸ್' ಚಿತ್ರದ ನಾಯಕಿ ಹಿಂಸೆಯ ದೃಶ್ಯಗಳನ್ನು ಸಂಯೋಜಿಸಿ ಫ್ಯಾಷನ್ ಛಾಯಾಚಿತ್ರ ತೆಗೆಯುವವಳು. ಚಿತ್ರದಲ್ಲಿ ಅವಳ ಕೃತಿಗಳೆಂದು ತೋರಿಸುವುದಕ್ಕೆ ಹೆಸರಾಂತ ಫ್ಯಾಷನ್ ಛಾಯಾಗ್ರಾಹಕ ಹೆಲ್ಮುಟ್ ನ್ಯೂಟನ್ ಅವರ ಚಿತ್ರಗಳನ್ನೂ ಬಳಸಲಾಗಿದೆ. ಅದೇ ದಶಕದಲ್ಲಿ ಫ್ರಾನ್ಸಿನ ಗೀ ಬೂರ್ದ್ಯಾ ಅವರು ಶಾರ್ಲ್ ಜೂರ್ದ್ಯಾ ಪಾದರಕ್ಷೆಗಳಿಗಾಗಿ ತೆಗೆದ ಜಾಹೀರಾತು ಚಿತ್ರಗಳಲ್ಲಿ ಗಾಢ ಬಣ್ಣ ಮತ್ತು ಅಪರಾಧ ಸ್ಥಳವನ್ನು ನೆನಪಿಸುವ ವಿನ್ಯಾಸಗಳು ಕಾಣಿಸಿಕೊಂಡವು.

1983ರಲ್ಲಿ ಟೋನಿ ಸ್ಕಾಟ್ ನಿರ್ದೇಶಿಸಿದ 'ದಿ ಹಂಗರ್' ಈ ನಂಟನ್ನು ಮತ್ತಷ್ಟು ಗಟ್ಟಿಗೊಳಿಸಿತು. ಜಾಹೀರಾತು ಕ್ಷೇತ್ರದಿಂದ ಬಂದಿದ್ದ ಸ್ಕಾಟ್ ಅವರ ಈ ರಕ್ತಪಿಶಾಚಿ ಚಿತ್ರದಲ್ಲಿ ನಟಿ ಕ್ಯಾಥರೀನ್ ಡೆನವ್ ಅವರ ಉಡುಪುಗಳು ಈವ್ ಸಾಂ ಲೊರಾಂ ಅವರವು. ವಸ್ತ್ರವಿನ್ಯಾಸಕರೂ ಭಯಾನಕ ಚಿತ್ರಗಳತ್ತ ಹೊರಳಿದರು. ಬ್ರಿಟನ್ನಿನ ಅಲೆಕ್ಸಾಂಡರ್ ಮೆಕ್ವೀನ್ ತಮ್ಮ ಸಂಗ್ರಹಗಳಿಗೆ 'ದಿ ಬರ್ಡ್ಸ್', 'ದಿ ಹಂಗರ್', 'ದಿ ಓವರ್‌ಲುಕ್' ಎಂಬ ಹೆಸರುಗಳನ್ನಿಟ್ಟರು. ಇವುಗಳಲ್ಲಿ ಕೊನೆಯದು ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ 'ದಿ ಶೈನಿಂಗ್' (1980) ಚಿತ್ರದ ಹೋಟೆಲಿನ ಹೆಸರು.

2000ದಲ್ಲಿ ಛಾಯಾಗ್ರಾಹಕ ನಿಕ್ ನೈಟ್ ಲಂಡನ್ನಿನಲ್ಲಿ ಆರಂಭಿಸಿದ 'ಶೋಸ್ಟುಡಿಯೋ' ಜಾಲತಾಣವು ಫ್ಯಾಷನ್ ಚಿತ್ರಕ್ಕೆ ಸ್ವತಂತ್ರ ಕಲಾಪ್ರಕಾರದ ಸ್ಥಾನ ದೊರಕಿಸಲು ನೆರವಾಯಿತು. ಚಿತ್ರಗಳನ್ನು ಅಂತರಜಾಲದಲ್ಲಿ ಬಿಡುಗಡೆ ಮಾಡುವುದು ಸಾಧ್ಯವಾದ ಮೇಲೆ, ದೂರದರ್ಶನ ಜಾಹೀರಾತಿಗಿದ್ದ ಅರ್ಧ ನಿಮಿಷದ ಮಿತಿ ಇಲ್ಲವಾಯಿತು. 2010ರಲ್ಲಿ ಡೇವಿಡ್ ಲಿಂಚ್ ಡಿಯೋರ್ ಸಂಸ್ಥೆಗಾಗಿ 'ಲೇಡಿ ಬ್ಲೂ ಶಾಂಘೈ' ಎಂಬ ಸುಮಾರು 16 ನಿಮಿಷಗಳ ಚಿತ್ರ ನಿರ್ಮಿಸಿದರು. 2022ರಲ್ಲಿ ಗುಚ್ಚಿ ಸಂಸ್ಥೆಯು 'ಎಕ್ಸ್‌ಕ್ವಿಸಿಟ್ ಗುಚ್ಚಿ' ಪ್ರಚಾರದಲ್ಲಿ ಕ್ಯೂಬ್ರಿಕ್ ಅವರ ಹಲವು ಚಿತ್ರಗಳ ದೃಶ್ಯಗಳನ್ನು ಮರುಸೃಷ್ಟಿಸಿತು. 'ದಿ ಶೈನಿಂಗ್' ಅವುಗಳಲ್ಲೊಂದು.

ಬೆಳಕಿನ ವಿನ್ಯಾಸ

ನೆರಳಿನ ಪರಂಪರೆ

ಭಯಾನಕ ಚಿತ್ರಗಳ ಬೆಳಕಿನ ಮೂಲವನ್ನು ಸಾಮಾನ್ಯವಾಗಿ ಜರ್ಮನಿಯ ಅಭಿವ್ಯಕ್ತಿವಾದಿ ಚಿತ್ರಗಳಲ್ಲಿ ಗುರುತಿಸಲಾಗುತ್ತದೆ. 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' (1920) ಚಿತ್ರದಲ್ಲಿ ಬೆಳಕು ಮತ್ತು ನೆರಳುಗಳನ್ನು ರಂಗಸಜ್ಜಿಕೆಯ ಮೇಲೆಯೇ ಬಣ್ಣದಿಂದ ಬರೆಯಲಾಗಿತ್ತು. ಎಫ್. ಡಬ್ಲ್ಯು. ಮುರ್ನೋ ಅವರ 'ನೊಸ್ಫೆರಾಟು' (1922) ಚಿತ್ರದಲ್ಲಿ ಮೆಟ್ಟಿಲೇರುವ ಪಿಶಾಚಿಯ ದೇಹ ಕಾಣದೆ ಅದರ ನೆರಳು ಮಾತ್ರ ಕಾಣುತ್ತದೆ. ಫ್ಯಾಷನ್ ಚಿತ್ರಗಳಿಗೆ ಈ ವಿಧಾನದಿಂದ ನೇರ ಉಪಯೋಗವಿದೆ. ಅಗಲವಾದ ಭುಜ, ಉದ್ದನೆಯ ತೋಳು, ಬಿಗಿಯಾದ ಸೊಂಟ ಮುಂತಾದ ಹೊಲಿಗೆಯ ಲಕ್ಷಣಗಳು ಬಣ್ಣ ಮತ್ತು ಕಸೂತಿಗಳ ಗದ್ದಲವಿಲ್ಲದೆ ನೆರಳಿನ ಆಕಾರದಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತವೆ.

ಬೆಳಕಿನ ಅನುಪಾತ ಮತ್ತು ದಿಕ್ಕು

ಮುಖ್ಯ ದೀಪವನ್ನು ಕೀ ಲೈಟ್ ಎಂದೂ ನೆರಳನ್ನು ತುಂಬುವ ದೀಪವನ್ನು ಫಿಲ್ ಲೈಟ್ ಎಂದೂ ಕರೆಯುತ್ತಾರೆ. ಇವೆರಡರ ಪ್ರಮಾಣ 2:1ರಷ್ಟಿದ್ದರೆ ಮುಖ ಮತ್ತು ಉಡುಪು ಮೃದುವಾಗಿ, ಸಮನಾಗಿ ಕಾಣುತ್ತವೆ. ಭಯಾನಕ ಶೈಲಿಯಲ್ಲಿ ಈ ಪ್ರಮಾಣವನ್ನು 8:1 ಅಥವಾ ಅದಕ್ಕಿಂತ ಹೆಚ್ಚಿಸಲಾಗುತ್ತದೆ. 8:1 ಎಂದರೆ ಬೆಳಕಿನ ಬದಿ ಮತ್ತು ನೆರಳಿನ ಬದಿಗಳ ನಡುವೆ ಮೂರು ಸ್ಟಾಪ್‌ಗಳ ಅಂತರ.

ಬೆಳಕಿನ ದಿಕ್ಕು ಕೂಡ ಅಷ್ಟೇ ಮುಖ್ಯ. ಸೂರ್ಯ ಮತ್ತು ಮನೆಯ ದೀಪಗಳಿಂದಾಗಿ ಮನುಷ್ಯರು ಮೇಲಿನಿಂದ ಬೀಳುವ ಬೆಳಕಿಗೆ ಒಗ್ಗಿಕೊಂಡಿರುವುದರಿಂದ, ಕೆಳಗಿನಿಂದ ಬೆಳಗಿದ ಮುಖ ಅಪರಿಚಿತವೆನಿಸುತ್ತದೆ. ಬಟ್ಟೆಯ ಮೇಲ್ಮೈಗೆ ಸಮಾನಾಂತರವಾಗಿ ಸವರಿ ಹೋಗುವಂತೆ ಪಕ್ಕದಿಂದ ಬೀಳುವ ಬೆಳಕು ನೇಯ್ಗೆ, ನೆರಿಗೆ ಮತ್ತು ಕಸೂತಿಯ ಉಬ್ಬುತಗ್ಗುಗಳನ್ನು ಎತ್ತಿ ತೋರಿಸುತ್ತದೆ. ಭಯಕ್ಕೆ ಬೇಕಾದ ಅರ್ಧ ಕತ್ತಲು, ಉಡುಪಿಗೆ ಬೇಕಾದ ವಿವರ ಎರಡೂ ಈ ಪಕ್ಕದ ಬೆಳಕಿನಲ್ಲಿ ಒಟ್ಟಿಗೆ ದೊರೆಯುವುದರಿಂದ ಈ ಶೈಲಿಯ ಚಿತ್ರಗಳಿಗೆ ಇದು ವಿಶೇಷವಾಗಿ ಹೊಂದುತ್ತದೆ.

ಕಪ್ಪು ಉಡುಪುಗಳನ್ನು ಕತ್ತಲ ಹಿನ್ನೆಲೆಯಲ್ಲಿ ಚಿತ್ರೀಕರಿಸುವಾಗ ಅವು ಹಿನ್ನೆಲೆಯೊಳಗೆ ಕರಗಿಹೋಗುವ ಅಪಾಯವಿದೆ. ಹಿಂದಿನಿಂದ ಬರುವ ಬೆಳಕು ಉಡುಪಿನ ಅಂಚಿಗೆ ತೆಳುವಾದ ಗೆರೆಯನ್ನು ಕೊಟ್ಟು ಅದನ್ನು ಹಿನ್ನೆಲೆಯಿಂದ ಬೇರ್ಪಡಿಸುತ್ತದೆ. ಮಖಮಲ್ಲು ಬೆಳಕನ್ನು ಹೀರಿಕೊಳ್ಳುವುದರಿಂದ ಅದಕ್ಕೆ ಹೆಚ್ಚು ಬೆಳಕು ಬೇಕು. ರೇಷ್ಮೆ, ಚರ್ಮ ಮತ್ತು ಮಿನುಗುಬಿಲ್ಲೆಗಳು ಬೆಳಕನ್ನು ಪ್ರತಿಫಲಿಸುವುದರಿಂದ ಒಂದೇ ಸಣ್ಣ ದೀಪಕ್ಕೂ ಹೊಳೆಯುತ್ತವೆ.

ಬಣ್ಣದ ಬೆಳಕು

ಸ್ವತಃ ಛಾಯಾಗ್ರಾಹಕರೂ ಆಗಿದ್ದ ಬಾವಾ ಅವರ ಚಿತ್ರಗಳಲ್ಲಿ ಕೆಂಪು, ಹಸಿರು, ನೇರಳೆ ಬೆಳಕುಗಳು ಯಾವ ವಾಸ್ತವಿಕ ಕಾರಣವೂ ಇಲ್ಲದೆ ಕೋಣೆಯನ್ನು ತುಂಬುತ್ತವೆ. ದಾರಿಯೋ ಅರ್ಜೆಂಟೋ ಅವರ 'ಸಸ್ಪೀರಿಯಾ' (1977) ಇದೇ ಹಾದಿಯಲ್ಲಿ ಮುಂದುವರಿಯಿತು. ಛಾಯಾಗ್ರಾಹಕ ಲುಚಿಯಾನೋ ತೊವೊಲಿ ಅವರು ಬಟ್ಟೆ ಮತ್ತು ತೆಳು ಕಾಗದಗಳ ಮೂಲಕ ಹಾಯಿಸಿದ ತೀವ್ರ ಬೆಳಕನ್ನು ನಟಿಯರ ಬಳಿಯೇ ಇರಿಸಿ ಗಾಢ ವರ್ಣಗಳನ್ನು ಪಡೆದರು. ಫ್ಯಾಷನ್ ಲೋಕವನ್ನೇ ವಸ್ತುವಾಗಿ ಉಳ್ಳ ನಿಕೋಲಸ್ ವೈಂಡಿಂಗ್ ರೆಫ್ನ್ ಅವರ 'ದಿ ನಿಯಾನ್ ಡೀಮನ್' (2016) ಚಿತ್ರದಲ್ಲಿ ಈ ವರ್ಣಶೈಲಿಯ ಮುಂದುವರಿಕೆಯನ್ನು ಕಾಣಬಹುದು. ಅದರ ಛಾಯಾಗ್ರಹಣ ನತಾಶಾ ಬ್ರೇಯರ್ ಅವರದು.

ಬಣ್ಣದ ಬೆಳಕು ಉಡುಪಿನ ಬಣ್ಣವನ್ನು ಬದಲಿಸುತ್ತದೆ. ಕೆಂಪು ಬೆಳಕಿನಲ್ಲಿ ಕೆಂಪು ಉಡುಪು ಹೊಳಪಾಗಿ ಕಂಡರೆ ನೀಲಿ ಅಥವಾ ಹಸಿರು ಉಡುಪು ಬಹುತೇಕ ಕಪ್ಪಾಗುತ್ತದೆ. ಬಿಳಿ ಉಡುಪು ಬೆಳಕಿನ ಬಣ್ಣವನ್ನೇ ತಾಳುತ್ತದೆ. ಆದ್ದರಿಂದ ಚಿತ್ರೀಕರಣಕ್ಕೆ ಮೊದಲು ಪ್ರತಿ ಬಟ್ಟೆಯನ್ನೂ ಆಯ್ದ ಬೆಳಕಿನಲ್ಲಿ ಪರೀಕ್ಷಿಸಬೇಕಾಗುತ್ತದೆ. ಹಿನ್ನೆಲೆಗೆ ಮಾತ್ರ ಬಣ್ಣದ ಬೆಳಕು ಹಾಯಿಸಿ ಉಡುಪಿಗೆ ಬಿಳಿ ಬೆಳಕನ್ನು ಉಳಿಸಿಕೊಳ್ಳುವುದು, ಇಲ್ಲವೇ ಚಿತ್ರದಲ್ಲಿ ಒಂದು ಶಾಟ್‌ನಲ್ಲಾದರೂ ಉಡುಪಿನ ನಿಜವಾದ ಬಣ್ಣವನ್ನು ತೋರಿಸುವುದು ಇದಕ್ಕಿರುವ ಪರಿಹಾರಗಳು.

ಸಂಕಲನ

ವಿಳಂಬ ಮತ್ತು ಆಘಾತ

ಭಯಾನಕ ಚಿತ್ರಗಳ ಸಂಕಲನವು ನಿರೀಕ್ಷೆಯನ್ನು ಬೆಳೆಸುವುದು ಹಾಗೂ ಅದನ್ನು ಮುರಿಯುವುದು ಎಂಬ ಎರಡು ಕ್ರಿಯೆಗಳ ಮೇಲೆ ನಿಂತಿದೆ. ಜಾಕ್ ಟೂರ್ನರ್ ನಿರ್ದೇಶಿಸಿ ವ್ಯಾಲ್ ಲ್ಯೂಟನ್ ನಿರ್ಮಿಸಿದ 'ಕ್ಯಾಟ್ ಪೀಪಲ್' (1942) ಇದಕ್ಕೆ ಪ್ರಸಿದ್ಧ ನಿದರ್ಶನ. ರಾತ್ರಿ ಒಂಟಿಯಾಗಿ ನಡೆಯುವ ಮಹಿಳೆಯ ಹಿಂದೆ ಹೆಜ್ಜೆ ಸಪ್ಪಳ ಕೇಳುತ್ತದೆ, ಬಳಿಕ ಅದು ನಿಲ್ಲುತ್ತದೆ. ಮೃಗವೊಂದು ಎರಗುವುದೆಂದು ಪ್ರೇಕ್ಷಕರು ನಿರೀಕ್ಷಿಸುವ ಕ್ಷಣದಲ್ಲಿ ಬಸ್ಸೊಂದು ಜೋರಾದ ಸದ್ದಿನೊಂದಿಗೆ ಚೌಕಟ್ಟಿನೊಳಗೆ ಬಂದು ನಿಲ್ಲುತ್ತದೆ. ಮಾರ್ಕ್ ರಾಬ್ಸನ್ ಸಂಕಲಿಸಿದ ಈ ದೃಶ್ಯದ ತಂತ್ರಕ್ಕೆ 'ಲ್ಯೂಟನ್ ಬಸ್' ಎಂಬ ಹೆಸರೇ ಬಂದಿದೆ. ಫ್ಯಾಷನ್ ಚಿತ್ರದಲ್ಲಿ ಆಘಾತದ ಆ ಕ್ಷಣವನ್ನು ಉಡುಪಿನ ಮೊದಲ ಪೂರ್ಣ ದರ್ಶನಕ್ಕೆ ಮೀಸಲಿಡಬಹುದು. ಮೊದಲು ಸೆರಗಿನ ತುದಿ, ಹಿಮ್ಮಡಿ, ಕೈಗವಸುಗಳಂತಹ ತುಣುಕುಗಳನ್ನಷ್ಟೇ ತೋರಿಸಿ, ಇಡೀ ಆಕೃತಿಯನ್ನು ಕೊನೆಯವರೆಗೆ ತಡೆಹಿಡಿಯುವುದು ಈ ವಿಧಾನ.

ತುಣುಕುಗಳ ಜೋಡಣೆ

ಆಲ್ಫ್ರೆಡ್ ಹಿಚ್‌ಕಾಕ್ ಅವರ 'ಸೈಕೋ' (1960) ಚಿತ್ರದ ಸ್ನಾನಗೃಹದ ಹತ್ಯಾದೃಶ್ಯವನ್ನು ಜಾರ್ಜ್ ಟೊಮಸೀನಿ ಸಂಕಲಿಸಿದರು. 78 ಕ್ಯಾಮೆರಾ ವಿನ್ಯಾಸಗಳು ಮತ್ತು 52 ಕಟ್‌ಗಳು ಎಂಬ ಪ್ರಸಿದ್ಧ ಲೆಕ್ಕವು 2017ರ ಸಾಕ್ಷ್ಯಚಿತ್ರವೊಂದಕ್ಕೆ '78/52' ಎಂಬ ಶೀರ್ಷಿಕೆಯನ್ನೇ ಒದಗಿಸಿತು. ಗಾಯವನ್ನು ಹೆಚ್ಚು ತೋರಿಸದೆ ಕೈ, ಕಣ್ಣು, ನೀರು, ಪರದೆಗಳ ತುಣುಕುಗಳಿಂದಲೇ ಇಡೀ ಘಟನೆಯನ್ನು ಪ್ರೇಕ್ಷಕರ ಮನಸ್ಸಿನಲ್ಲಿ ಕಟ್ಟುವುದು ಇದರ ವೈಶಿಷ್ಟ್ಯ. ಉಡುಪಿನ ಬಿಡಿಭಾಗಗಳನ್ನು ತೀರ ಹತ್ತಿರದಿಂದ ತೋರಿಸುವ ಫ್ಯಾಷನ್ ಚಿತ್ರಕ್ಕೆ ಇದು ಸಹಜವಾಗಿ ಒಗ್ಗುತ್ತದೆ. ಆದರೆ ಬಟ್ಟೆಯ ಚಲನೆಗೆ ತನ್ನದೇ ಆದ ಕಾಲಾವಧಿ ಬೇಕು. ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರದಲ್ಲಿ 6 ಫ್ರೇಮ್‌ಗಳ ಶಾಟ್ ಕಾಲು ಸೆಕೆಂಡಿನಲ್ಲಿ ಮುಗಿಯುತ್ತದೆ. ನೆರಿಗೆಯೊಂದು ಬೀಸಿ ಕೆಳಗಿಳಿಯಲು ಅಷ್ಟು ಸಮಯ ಸಾಲದು. ಆದ್ದರಿಂದ ಕ್ಷಿಪ್ರ ಕಟ್‌ಗಳ ನಡುವೆ ದೀರ್ಘ ಶಾಟ್‌ಗಳನ್ನು ಇರಿಸುವುದು ಅಗತ್ಯ.

ಸಂಯೋಜಕ ಕಟ್‌ಗಳು ಮತ್ತು ಡಿಸಾಲ್ವ್

ನಿಕೋಲಸ್ ರೋಗ್ ಅವರ 'ಡೋಂಟ್ ಲುಕ್ ನೌ' (1973) ಚಿತ್ರದಲ್ಲಿ ನೀರಿನಲ್ಲಿ ಮುಳುಗಿ ಸತ್ತ ಮಗುವಿನ ಕೆಂಪು ಮಳೆಯಂಗಿಯ ನೆನಪು ವೆನಿಸ್ ನಗರದ ಓಣಿಗಳಲ್ಲಿ ಮತ್ತೆ ಮತ್ತೆ ಸುಳಿಯುತ್ತದೆ. ಸಂಕಲನವು ಕಾಲ ಮತ್ತು ಸ್ಥಳಗಳನ್ನು ದಾಟಿ ಒಂದು ಕೆಂಪಿನಿಂದ ಇನ್ನೊಂದು ಕೆಂಪಿಗೆ ಜಿಗಿಯುತ್ತದೆ. ಉಡುಪೇ ಕಥೆಯ ಸೂತ್ರವಾಗಬಲ್ಲದು ಎಂಬುದನ್ನು ಈ ಚಿತ್ರ ತೋರಿಸುತ್ತದೆ. 'ದಿ ಶೈನಿಂಗ್' ಚಿತ್ರದ ನಿಧಾನವಾದ ಡಿಸಾಲ್ವ್‌ಗಳಲ್ಲಿ ಒಂದು ದೃಶ್ಯ ಮುಗಿಯುವ ಮೊದಲೇ ಮುಂದಿನದು ಅದರ ಮೇಲೆ ಮೂಡುತ್ತದೆ. ಸಮಮಿತಿಯ ಚೌಕಟ್ಟು ಮತ್ತು ಸ್ಟೆಡಿಕ್ಯಾಮ್‌ನ ತೇಲುವ ಚಲನೆಗಳೊಂದಿಗೆ ಸೇರಿ ಇವು ಆಘಾತವಿಲ್ಲದ ಅಶಾಂತಿಯನ್ನು ಉಂಟುಮಾಡುತ್ತವೆ. ಲಿಂಚ್ ಅವರ 'ಲೇಡಿ ಬ್ಲೂ ಶಾಂಘೈ' ಕೂಡ ಇಂತಹ ನಿಧಾನದ ಮಾದರಿ. ಹೋಟೆಲ್ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಸಂಗೀತ ಕೇಳಿಬರುತ್ತದೆ. ಹೊಗೆ ಮತ್ತು ಬೆಳಕಿನ ನಡುವೆ ನೀಲಿ ಕೈಚೀಲವೊಂದು ಕಾಣಿಸಿಕೊಳ್ಳುತ್ತದೆ. ಮಾರಾಟದ ವಸ್ತುವೇ ಇಲ್ಲಿ ನಿಗೂಢತೆಯ ಮೂಲವಾಗಿದೆ.

ಶಬ್ದ

ಫ್ಯಾಷನ್ ಚಿತ್ರಗಳಲ್ಲಿ ಸಂಗೀತವು ಸಾಮಾನ್ಯವಾಗಿ ಆದಿಯಿಂದ ಅಂತ್ಯದವರೆಗೆ ಹರಿಯುತ್ತದೆ. ಭಯಾನಕ ಚಿತ್ರಗಳು ಕಲಿಸುವುದು ಮೌನದ ಬಳಕೆಯನ್ನು. ಸಂಗೀತವನ್ನು ಹಠಾತ್ತನೆ ನಿಲ್ಲಿಸಿದಾಗ ಬಟ್ಟೆಯ ಸರಸರ ಸದ್ದು, ಹಿಮ್ಮಡಿಯ ಟಕಟಕ ಸದ್ದು, ಜಿಪ್ ಎಳೆಯುವ ಸದ್ದುಗಳು ದೊಡ್ಡದಾಗಿ ಕೇಳಿಸುತ್ತವೆ ಮತ್ತು ವಸ್ತುವಿನ ಸ್ಪರ್ಶಗುಣವನ್ನು ನೆನಪಿಸುತ್ತವೆ. ಮುಂದಿನ ದೃಶ್ಯದ ಶಬ್ದವನ್ನು ಕಟ್‌ಗಿಂತ ಮೊದಲೇ ಕೇಳಿಸುವ ವಿಧಾನವೂ ಬಳಕೆಯಲ್ಲಿದೆ.

ಟೀಕೆ ಮತ್ತು ಎಚ್ಚರಿಕೆಗಳು

ಈ ಶೈಲಿಯ ಕುರಿತ ಮುಖ್ಯ ಆಕ್ಷೇಪ ಸ್ತ್ರೀಯರ ಮೇಲಿನ ಹಿಂಸೆಯನ್ನು ಸೌಂದರ್ಯವಾಗಿಸುವುದಕ್ಕೆ ಸಂಬಂಧಿಸಿದ್ದು. ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರ ತಮ್ಮ ಪ್ರಬಂಧದಲ್ಲಿ ಮುಖ್ಯವಾಹಿನಿಯ ಚಿತ್ರಗಳು ಸ್ತ್ರೀಯನ್ನು ನೋಟದ ವಸ್ತುವನ್ನಾಗಿ ಮತ್ತು ಪುರುಷನನ್ನು ನೋಡುವವನನ್ನಾಗಿ ಇರಿಸುತ್ತವೆ ಎಂದು ವಾದಿಸಿದರು. ಮೈಕೆಲ್ ಪೊವೆಲ್ ಅವರ 'ಪೀಪಿಂಗ್ ಟಾಮ್' (1960) ಚಿತ್ರದ ಹಂತಕ ತನ್ನ ಬಲಿಪಶುಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಲೇ ಕೊಲ್ಲುತ್ತಾನೆ; ಚಿತ್ರೀಕರಿಸುವ ಕ್ರಿಯೆಯಲ್ಲೇ ಇರಬಹುದಾದ ಕ್ರೌರ್ಯವನ್ನು ಈ ಚಿತ್ರ ಪ್ರಶ್ನಿಸುತ್ತದೆ. ಫ್ಯಾಷನ್ ಚಿತ್ರದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಏಕೆಂದರೆ ಕಥಾಚಿತ್ರದಲ್ಲಿ ಬಲಿಯಾದವಳಿಗೆ ಒಂದು ಹೆಸರು, ಬದುಕು ಮತ್ತು ದುಃಖಿಸುವವರು ಇರುತ್ತಾರೆ. ಕೆಲವೇ ನಿಮಿಷಗಳ ಪ್ರಚಾರ ಚಿತ್ರದಲ್ಲಿ ಅವಳ ಉಡುಪು ಮಾತ್ರ ಉಳಿಯಬಹುದು. ಇದಕ್ಕೆ ಪ್ರತಿಯಾಗಿ, ಕೊನೆಯವರೆಗೆ ಉಳಿದು ಹಂತಕನನ್ನು ಎದುರಿಸುವ 'ಅಂತಿಮ ಹುಡುಗಿ'ಯ ಪಾತ್ರವನ್ನು ವಿಮರ್ಶಕಿ ಕ್ಯಾರಲ್ ಕ್ಲೋವರ್ ಗುರುತಿಸಿದ್ದಾರೆ. ರೂಪದರ್ಶಿಯನ್ನು ಬೇಟೆಯಾಗಿಸದೆ, ಭಯ ಹುಟ್ಟಿಸುವ ಶಕ್ತಿಯನ್ನಾಗಿ ಅಥವಾ ಅದನ್ನು ಗೆಲ್ಲುವವಳನ್ನಾಗಿ ಚಿತ್ರಿಸುವುದು ಈ ಪರಂಪರೆಯೊಳಗೇ ಇರುವ ಮತ್ತೊಂದು ದಾರಿ.

ಮಿನುಗುವ ಬೆಳಕು ಮತ್ತು ಅತಿವೇಗದ ಕಟ್‌ಗಳು ಆರೋಗ್ಯಕ್ಕೂ ಸಂಬಂಧಿಸಿದ ವಿಷಯ. ಬೆಳಕಿಗೆ ಸಂವೇದನಾಶೀಲವಾದ ಅಪಸ್ಮಾರ ಉಳ್ಳವರಲ್ಲಿ ಇವು ಸೆಳವು ಉಂಟುಮಾಡಬಲ್ಲವು. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ 'ಪೋಕೆಮಾನ್' ಸರಣಿಯ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ 600ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಸಾಗಿಸಲಾಗಿತ್ತು. ಜಾಲತಾಣಗಳ ಸುಗಮ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಬೆಳಕು ಮಿನುಗಬಾರದೆಂದು ಸಲಹೆ ನೀಡುತ್ತವೆ. ಗಾಢ ಕೆಂಪು ಮಿನುಗನ್ನು ವಿಶೇಷವಾಗಿ ಅಪಾಯಕಾರಿ ಎಂದು ಪರಿಗಣಿಸುತ್ತವೆ. ಫ್ಯಾಷನ್ ಚಿತ್ರಗಳನ್ನು ಹೆಚ್ಚಾಗಿ ಮೊಬೈಲ್ ಫೋನಿನಲ್ಲಿ, ಮುನ್ಸೂಚನೆಯಿಲ್ಲದೆ ತಾನಾಗಿ ಚಾಲನೆಗೊಳ್ಳುವ ರೂಪದಲ್ಲಿ ನೋಡುವುದರಿಂದ ಈ ಎಚ್ಚರಿಕೆ ಅವುಗಳಿಗೆ ಅನ್ವಯಿಸುತ್ತದೆ.

ಸಣ್ಣ ಪರದೆಯಿಂದ ಮತ್ತೊಂದು ಪ್ರಾಯೋಗಿಕ ಮಿತಿಯೂ ಉಂಟಾಗುತ್ತದೆ. ಕತ್ತಲ ಕೋಣೆಯಲ್ಲಿ ದೊಡ್ಡ ತೆರೆಯ ಮೇಲೆ ಕಾಣುವ ನೆರಳಿನ ವಿವರಗಳು ಹಗಲು ಬೆಳಕಿನಲ್ಲಿ ಹಿಡಿದ ಫೋನಿನಲ್ಲಿ ಮಾಯವಾಗುತ್ತವೆ. ಹೀಗಾಗಿ ಚಿತ್ರೀಕರಣದಲ್ಲಿ ನೆರಳಿನ ಭಾಗಕ್ಕೂ ಸಾಕಷ್ಟು ಬೆಳಕು ಕೊಟ್ಟು, ಬಳಿಕ ವರ್ಣಸಂಸ್ಕರಣದ ಹಂತದಲ್ಲಿ ಬೇಕಾದಷ್ಟೇ ಕತ್ತಲಾಗಿಸುವುದು ಸುರಕ್ಷಿತ ಕ್ರಮ. ಚಿತ್ರೀಕರಣದಲ್ಲಿ ದಾಖಲಾಗದ ವಿವರವನ್ನು ಆಮೇಲೆ ಮರಳಿ ಪಡೆಯುವುದು ಸಾಧ್ಯವಿಲ್ಲ.

ಇವನ್ನೂ ನೋಡಿ

ಭಯಾನಕ ಚಲನಚಿತ್ರ
ಚಲನಚಿತ್ರ ಸಂಕಲನ
ಛಾಯಾಗ್ರಹಣ
ಜರ್ಮನ್ ಅಭಿವ್ಯಕ್ತಿವಾದ
ವಸ್ತ್ರವಿನ್ಯಾಸ